ಅಪ್ರಸ್ತುತ ಪ್ರಸಂಗಿ

ನನಗೆ ಅರುವತ್ತು ತುಂಬಿ ಒಂದು ವರ್ಷವಾಯಿತು. 34 ವರ್ಷಗಳ ಕಾಲ ಹೈಸ್ಕೂಲುಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಈಗ ನಿವೃತ್ತನಾಗಿ, ಮೈಸೂರಿನಲ್ಲಿ ಕಟ್ಟಿಸಿದ ಒಂದು ಚಿಕ್ಕ ಮನೆಯಲ್ಲಿ ಹೆಂಡತಿಯೊಡನೆ ಕಾಲ ಕಳೆಯುತ್ತಿರುವೆನು. ದೇವರ ದಯೆಯಿಂದ ಮೈಯಲ್ಲಿ ಹೇಳಿಕೊಳ್ಳುವಂತಹ ರೋಗವಿಲ್ಲ. ಮನೆಯ ಮೇಲೆ ಸಾಲವಿಲ್ಲ. ಮಗಳು ಬೆಂಗಳೂರಿನಲ್ಲಿ ಗಂಡ ಮಗುವಿನೊಡನೆ ಸುಖವಾಗಿರುವಳು. ಇಂತಹ ಮನುಷ್ಯನಿಗೆ ಮನಸ್ಸಿನ ಆಯಾಸವೆಂಬುದು ಏತಕ್ಕೆ ಬರಬೇಕು? ಆದರೂ ಬಂದಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕುಳಿತು, "ಈ ದಿನ ನಾನು ಮಾಡಿದ್ದೇನು?" ಎಂದು ಕೇಳಿಕೊಂಡರೆ, ಹೇಳಲು ಒಂದು ಕೆಲಸವೂ ನೆನಪಿಗೆ ಬಾರದು, ತಲೆ ಮಾತ್ರ ಮೂಟೆ ಹೊತ್ತವನ ತಲೆಯಂತೆ ಭಾರವಾಗಿರುವುದು. ಮೂರು ತರಗತಿಗಳಿಗೆ ಬೆನ್ನುಬೆನ್ನಿಗೆ ಪಾಠ ಹೇಳಿದ ದಿನಗಳಲ್ಲಿಯೂ ನನಗೆ ಇಷ್ಟು ದಣಿವಾದದ್ದಿಲ್ಲ.

ನಿದರ್ಶನಕ್ಕಾಗಿ ಒಂದು ಪ್ರಾತಃಕಾಲವನ್ನು ವರ್ಣಿಸುವೆನು. ಸ್ನಾನ ಮುಗಿಸಿ ಸಂಧ್ಯಾವಂದನೆಗೆ ಕುಳಿತಿದ್ದೆನು. ನೀರು ಇನ್ನೂ ಕೈಯಲ್ಲಿರುವಾಗಲೇ ಪಕ್ಕದ ಕೋಣೆಯಲ್ಲಿ ಮೊಬೈಲು ‘ಟಿಣ್’ ಎಂದಿತು. ಯಾರಿರಬಹುದು? ಅರ್ಘ್ಯವನ್ನು ಎರಡು ಸಲ ಬಿಟ್ಟೆನೋ ಮೂರು ಸಲ ಬಿಟ್ಟೆನೋ ಎಂಬ ಸಂಶಯ ಬಂದು, ಇರಲಿ ಎಂದು ಇನ್ನೊಂದು ಸಲ ಬಿಟ್ಟೆನು. ಎದ್ದು ಹೋಗಿ ನೋಡಿದರೆ, ಸೂರ್ಯೋದಯದ ಚಿತ್ರವೊಂದರ ಕೆಳಗೆ ‘ಶುಭೋದಯ’ ಎಂದು ಬರೆದು ಹಳೆಯ ಸಹೋದ್ಯೋಗಿಗಳೊಬ್ಬರು ಕಳುಹಿಸಿದ್ದರು. ಅದೇ ಚಿತ್ರವನ್ನು ಇನ್ನೂ ನಾಲ್ವರು ಬೇರೆ ನಾಲ್ಕು ಗುಂಪುಗಳಲ್ಲಿ ಹಾಕಿದ್ದರು. ಕಿಟಕಿಯ ಹೊರಗೆ ಆ ಸೂರ್ಯನು ನಿಜವಾಗಿಯೇ ಉದಯಿಸುತ್ತಿದ್ದನು; ಅವನಿಗೇ ಅರ್ಘ್ಯ ಕೊಡುತ್ತಿದ್ದ ನಾನು ಅವನನ್ನು ನೋಡಲಿಲ್ಲ.

ಹೀಗೆ ಪ್ರಾರಂಭವಾದ ದಿನವು ಹೀಗೆಯೇ ಸಾಗುವುದು. ವಿದ್ಯುತ್ತಿನ ಬಿಲ್ಲು ಬಂದಿತೆಂದು ಒಂದು ಸಂದೇಶ, ಬ್ಯಾಂಕಿನವರದೊಂದು, ಬಡಾವಣೆಯ ಸಂಘದಲ್ಲಿ ನೀರಿನ ವಿಚಾರವಾಗಿ ನಡೆಯುವ ವಾಗ್ಯುದ್ಧದ್ದು ಇಪ್ಪತ್ತು, ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಪಿಂಚಣಿಯ ವಿಚಾರ, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬ, ಮೊಮ್ಮಗನು ಕುಣಿದ ಒಂದು ವಿಡಿಯೋ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಒಂದೊಂದನ್ನು ಬೇರೆ ಬೇರೆಯಾಗಿ ತೆಗೆದು ನೋಡಿದರೆ ಎಲ್ಲವೂ ಸಭ್ಯವಾದದ್ದೇ, ಕೆಲವು ಸಂತೋಷಕರವೂ ಆಗಿರುವುವು. ಆದರೆ ಒಳ್ಳೆಯ ಅತಿಥಿಗಳೇ ಆದರೂ ನೂರು ಜನ ಒಂದೇ ಬಾಗಿಲಲ್ಲಿ ಒಮ್ಮೆಗೇ ನುಗ್ಗಿದರೆ ಗೃಹಸ್ಥನ ಗತಿಯೇನು?

ನಾನು ಯಂತ್ರದ್ವೇಷಿಯಲ್ಲವೆಂಬುದನ್ನು ವಾಚಕರು ಮೊದಲೇ ತಿಳಿಯಬೇಕು. ನಮ್ಮ ದೇಶದಲ್ಲಿ ಮೊದಲನೆಯ ಮೊಬೈಲು ಸಂಭಾಷಣೆಯು 1995ನೆಯ ಇಸವಿಯ ಜುಲೈ 31ರಂದು ಕಲ್ಕತ್ತೆಗೂ ದೆಹಲಿಗೂ ನಡುವೆ ನಡೆದಾಗ, ನಾನು ಅದನ್ನು ಪತ್ರಿಕೆಯಲ್ಲಿ ಓದಿ ಹುಡುಗರಿಗೆ ತರಗತಿಯಲ್ಲಿ ಹೇಳಿದ್ದೆನು. 2020ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದವು. ಸರಕಾರದವರು ‘ವಿದ್ಯಾಗಮ’ವೆಂಬ ಯೋಜನೆಯನ್ನು ತಂದರು, ನಾವು ದೇವಸ್ಥಾನದ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದೆವು. ಮೊಬೈಲು ಇದ್ದ ಮನೆಗಳ ಮಕ್ಕಳಿಗೆ ಶಬ್ದರೂಪಗಳನ್ನು ನನ್ನ ಧ್ವನಿಯಲ್ಲಿಯೇ ಕಳುಹಿಸಿದೆನು. ಆಗ ಈ ಪುಟ್ಟ ಯಂತ್ರವು ಉಪಕಾರಿಯಾಗಿಯೇ ಒದಗಿತು. 2016ರಲ್ಲಿ ಬಂದ ಯು.ಪಿ.ಐ. ಎಂಬ ಹಣದ ಏರ್ಪಾಡನ್ನು ಕಲಿತು, ತರಕಾರಿಯವಳಿಗೆ ಚಿಲ್ಲರೆಗಾಗಿ ಕಾಯಿಸುವ ಪಾಪದಿಂದಲೂ ಪಾರಾದೆನು. ಆದುದರಿಂದ ಈ ಬರೆಹವು ಹೊಸ ಕಾಲವನ್ನು ಶಪಿಸುವ ಮುದುಕನ ಬರೆಹವಲ್ಲ. ಒಂದು ತಪ್ಪನ್ನು ಮಾಡಿ, ಅದರಿಂದ ಸ್ವಲ್ಪ ಕಲಿತವನ ಬರೆಹ.

ಆ ತಪ್ಪನ್ನು ಈಗ ಹೇಳಬೇಕಾಗಿದೆ.

ನನಗೆ ಒಬ್ಬಳೇ ಅಕ್ಕ. ನನಗಿಂತ ಏಳು ವರ್ಷ ಹಿರಿಯಳು. ನಾವು ಚಿಕ್ಕವರಾಗಿದ್ದಾಗಲೇ ತಾಯಿ ತೀರಿಕೊಂಡುದರಿಂದ ನನಗೆ ಎಣ್ಣೆಯೊತ್ತಿ ಎರೆದವಳೂ, ಮೊದಲ ಸಲ ಅಕ್ಷರ ತಿದ್ದಿಸಿದವಳೂ ಆಕೆಯೇ. ತೀರ್ಥಹಳ್ಳಿಯ ಕಡೆ ಒಂದು ಹಳ್ಳಿಯಲ್ಲಿ ಆಕೆಯ ಮನೆ. ಮನೆಯ ಕೆಳಗೆ ಸ್ವಲ್ಪ ಅಡಕೆಯ ತೋಟ. ಭಾವನವರು ಹೋಗಿ ಆರು ವರ್ಷವಾಯಿತು. ಒಬ್ಬಳೇ ಮಗಳು ದೂರದೇಶದಲ್ಲಿರುವಳು. ಮಲೆನಾಡಿನ ಅಂತಹ ಹಳ್ಳಿಗಳಲ್ಲಿ ಮೊಬೈಲಿಗೆ ‘ನೆಟ್‌ವರ್ಕು’ ಸಿಕ್ಕುವುದು ದುರ್ಲಭವೆಂಬುದನ್ನು ಆ ಕಡೆಯವರು ಬಲ್ಲರು. ಮನೆಯೊಳಗೆ ಮಾತನಾಡಲಾಗುವುದಿಲ್ಲ, ಹಿತ್ತಿಲಿನ ಗುಡ್ಡವನ್ನು ಹತ್ತಿ ಒಂದು ನೆಲ್ಲಿಯ ಮರದ ಬಳಿ ನಿಂತರೆ ಸ್ವಲ್ಪ ಸಿಕ್ಕುವುದು. ಅಲ್ಲಿಯೂ ಮಾತು ತುಂಡುತುಂಡಾಗುವುದರಿಂದ, ನೆರೆಮನೆಯ ಹುಡುಗನು ಆಕೆಗೆ ಧ್ವನಿಸಂದೇಶವನ್ನು ಕಳುಹಿಸುವ ಕ್ರಮವನ್ನು ಕಲಿಸಿಕೊಟ್ಟಿದ್ದನು. ಹೇಳಬೇಕಾದುದನ್ನು ಹೇಳಿ ಬಿಟ್ಟರೆ, ಸಮಯ ಸಿಕ್ಕಿದಾಗ ಅದು ತಾನೇ ಹೋಗಿ ಮುಟ್ಟುವುದು.

ಕಳೆದ ಆಷಾಢದಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಹನ್ನೊಂದರ ಸುಮಾರಿಗೆ ಅಕ್ಕನ ಧ್ವನಿಸಂದೇಶವೊಂದು ಬಂದಿತು. ಬೆರಳಿನಿಂದ ಒತ್ತಿದೆನು. "ತಮ್ಮಾ, ನಾನು ಕಣೋ ಅಕ್ಕ..." ಎಂಬಷ್ಟು ಕೇಳಿಸಿತು. ಆ ಕ್ಷಣದಲ್ಲಿಯೇ ಗ್ಯಾಸಿನ ಸಿಲಿಂಡರು ತಂದ ಹುಡುಗನು ಬಾಗಿಲಲ್ಲಿ ನಿಂತು, "ಸಾರ್, ನಂಬರ್ ಹೇಳಿ" ಎಂದು ಕೂಗಿದನು. ಅಕ್ಕನ ಮಾತನ್ನು ಅಲ್ಲಿಗೇ ನಿಲ್ಲಿಸಿ ಆ ಸಂಖ್ಯೆಯನ್ನು ಹುಡುಕತೊಡಗಿದೆನು. ಹುಡುಕುವಾಗ ಬ್ಯಾಂಕಿನ ಸಂದೇಶವೊಂದು ಕಣ್ಣಿಗೆ ಬಿದ್ದು, ಅದರಲ್ಲಿ ನನ್ನ ಖಾತೆಯ ವಿವರಗಳನ್ನು ಹೊಸದಾಗಿ ಕೊಡಬೇಕೆಂದು ಇದ್ದುದರಿಂದ, ಸಿಲಿಂಡರಿನವನು ಹೋದ ಮೇಲೆ ಅದಕ್ಕೆ ಕೈಹಾಕಿದೆನು. ಅಷ್ಟರಲ್ಲಿ ಮಗಳ ಕರೆ ಬಂದಿತು. ಅದು ಮುಗಿಯುವಷ್ಟರಲ್ಲಿ ಅಕ್ಕನ ಸಂದೇಶದ ಮೇಲೆ ಬೇರೆ ಎಪ್ಪತ್ತು ಎಂಬತ್ತು ಸಂದೇಶಗಳು ಬಂದು ಬಿದ್ದು, ಅದು ಹೂಳಿನ ಕೆಳಗಿನ ಉಂಗುರದಂತೆ ಕಾಣದಾಯಿತು. ಸಂಜೆಗೆ ನನಗೆ ಏನೋ ಒಂದು ಉಳಿದಿದೆಯೆಂದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಏನೆಂದು ಮಾತ್ರ ಹೊಳೆಯಲಿಲ್ಲ. ಅಂತಹ ಚುಚ್ಚುವಿಕೆ ಈಗ ದಿನಕ್ಕೆ ಹತ್ತಿರುವುದರಿಂದ ಅದನ್ನು ಲಕ್ಷಿಸಲಿಲ್ಲ.

ಒಂಬತ್ತನೆಯ ದಿನ, ಗುರುವಾರ ಬೆಳಿಗ್ಗೆ, ಆ ನೆರೆಮನೆಯ ಹುಡುಗನು ಶಿವಮೊಗ್ಗದಿಂದ ಕರೆಮಾಡಿದನು. "ಮೇಷ್ಟ್ರೇ, ಅಮ್ಮನವರಿಗೆ ನಿನ್ನೆ ಆಪರೇಷನ್ ಆಯ್ತು. ಈಗ ಪರವಾಗಿಲ್ಲ. ನಿಮಗೆ ಗೊತ್ತೇ ಇದೆಯಲ್ಲ, ಆದರೂ ಹೇಳೋಣ ಅಂತ ಮಾಡಿದೆ" ಎಂದನು. ನನಗೆ ನಿಂತ ನೆಲವೇ ಜಾರಿದಂತಾಯಿತು. ಅವನೊಡನೆ ಮಾತು ಮುಗಿಸಿ, ನಡುಗುವ ಬೆರಳುಗಳಿಂದ ಆ ಸಂದೇಶವನ್ನು ಹುಡುಕಿ ತೆಗೆದು, ಅಂಗಳದಲ್ಲಿ ನಿಂತು ಕೇಳಿದೆನು. ಒಟ್ಟು 1 ನಿಮಿಷ 50 ಸೆಕೆಂಡುಗಳು. ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ಡಾಕ್ಟರು ಹೇಳಿದರೆಂದೂ, ತೆಗೆಸಿ ಪರೀಕ್ಷೆ ಮಾಡಿಸಿದ ಹೊರತು ಅದು ಎಂತಹದೆಂದು ಹೇಳಲಾಗದೆಂದೂ, ಮುಂದಿನ ಬುಧವಾರಕ್ಕೆ ದಿನ ಗೊತ್ತುಮಾಡಿರುವರೆಂದೂ ಆಕೆ ಹೇಳಿದ್ದಳು. ಕೊನೆಯಲ್ಲಿ, "ಮಗಳಿಗೆ ಹೇಳಲೋ ಬೇಡವೋ? ಅವಳು ಅಷ್ಟು ದೂರದಿಂದ ಹೆದರಿಕೊಂಡಾಳು. ನೀನು ಹೇಳಿದ ಹಾಗೆ ಮಾಡುತ್ತೇನೆ, ತಮ್ಮಾ" ಎಂದು ಕೇಳಿದ್ದಳು. ಅದರ ಮೇಲೆ ಐದಾರು ಸೆಕೆಂಡು ಮಾತಿರಲಿಲ್ಲ. ಗಾಳಿಯ ಶಬ್ದ ಮಾತ್ರ ಕೇಳಿಸುತ್ತಿತ್ತು. ನಾನು ಎದುರಿಗೆ ಇರುವೆನೋ ಎಂಬಂತೆ ಆಕೆ ಉತ್ತರಕ್ಕಾಗಿ ಕಾದಿದ್ದಳು.

ಆ ದಿನವೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆನು. ಅಕ್ಕನು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನನ್ನು ಕಂಡು ನಕ್ಕಳು. ಏನೆಂದು ಪ್ರಾರಂಭಿಸಬೇಕೆಂದು ತಿಳಿಯದೆ ನಾನು ಸುಮ್ಮನೆ ನಿಂತಿರಲು, ಆಕೆಯೇ ಹೇಳಿದಳು: "ನೀನು ಕೇಳಿದ್ದೀಯ ಅಂತ ಹುಡುಗ ನೀಲಿ ಗುರುತು ತೋರಿಸಿದ. ಕೇಳಿಯೂ ಮಾತಾಡಲಿಲ್ಲ ಅಂದ ಮೇಲೆ ನಿನಗೇ ಏನೋ ತಾಪತ್ರಯ ಇರಬೇಕು ಅಂದುಕೊಂಡೆ. ಪದೇ ಪದೇ ಕಾಡಬಾರದು ಅನ್ನಿಸ್ತು." ಸಂದೇಶವನ್ನು ಕೇಳಿದರೆ ಅದರ ಗುರುತು ನೀಲಿಯಾಗುವುದಷ್ಟೆ, ನಾಲ್ಕು ಶಬ್ದವನ್ನು ಕೇಳಿ ಬಿಟ್ಟರೂ ಯಂತ್ರದ ಲೆಕ್ಕದಲ್ಲಿ ಅದು ಕೇಳಿದಂತೆಯೇ. ಆ ಗುರುತನ್ನು ನಂಬಿ ನನ್ನ ಅಕ್ಕನು ನಾಲ್ಕು ದಿನ ಗುಡ್ಡ ಹತ್ತಿ ಇಳಿದು, ನನ್ನ ಉತ್ತರವನ್ನು ಕಾಣದೆ, ಮಗಳಿಗೂ ಹೇಳದೆ, ಮಳೆಯಲ್ಲಿ ನೆರೆಯವರ ಜೀಪಿನಲ್ಲಿ ಆಸ್ಪತ್ರೆಗೆ ಬಂದಿದ್ದಳು. ಆಕೆ ನನ್ನನ್ನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ದೇವರು ದೊಡ್ಡವನು. ಗಡ್ಡೆಯು ಭಯಪಡುವಂತಹದಲ್ಲವೆಂದು ಹತ್ತು ದಿನಗಳ ಮೇಲೆ ಗೊತ್ತಾಯಿತು. ಆದರೆ ಫಲವು ಶುಭವಾದ ಮಾತ್ರಕ್ಕೆ ತಪ್ಪು ತಪ್ಪಲ್ಲವೆಂದು ಹೇಳಲಾದೀತೆ?

ಮೈಸೂರಿಗೆ ಹಿಂದಿರುಗಿದವನು ಮೊದಲು ಮಾಡಿದ ಕೆಲಸವು ಸಿಟ್ಟಿನ ಕೆಲಸ. ಮೊಬೈಲಿನ ಉಸಿರು ನಿಲ್ಲಿಸಿ, ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆನು. ಒಂದು ತಿಂಗಳು ಅದನ್ನು ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿದೆನು. ಮೊದಲೆರಡು ದಿನ ಹಿತವಾಗಿಯೇ ಇತ್ತು. ಮೂರನೆಯ ದಿನ ಗ್ಯಾಸಿನ ಸಂಖ್ಯೆಗಾಗಿ ಬೀರು ತೆಗೆಯಬೇಕಾಯಿತು. ಐದನೆಯ ದಿನ ಹಣ ಕಳುಹಿಸಲು ಹೆಂಡತಿಯ ಮೊಬೈಲನ್ನು ಬೇಡಿದೆನು. ಏಳನೆಯ ದಿನ ಮನೆಯಾಕೆಯು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳು: "ನೀವು ವ್ರತ ಹಿಡಿದಿದ್ದೀರಿ, ಅದರ ಉಪವಾಸ ನನಗೆ ಬಂದಿದೆ. ನಿಮಗೆ ಬರೋದೆಲ್ಲ ಈಗ ನನಗೆ ಬರುತ್ತೆ. ಅತ್ತಿಗೆ ಇವತ್ತು ಮತ್ತೆ ಗುಡ್ಡ ಹತ್ತಿದರೆ ಯಾರಿಗೆ ಹೇಳಬೇಕು?" ಈ ಕೊನೆಯ ಮಾತು ನಾಟಿತು. ಕಿವಿಗೆ ಗಲಾಟೆ ಬೀಳುವುದೆಂದು ಕಿವಿಯನ್ನೇ ಮುಚ್ಚಿಕೊಂಡರೆ, ಕರೆಯಬೇಕಾದವರ ಕೂಗೂ ಕೇಳಿಸದು. ಒಂಬತ್ತನೆಯ ದಿನ ಮೊಬೈಲನ್ನು ಬೀರುವಿನಿಂದ ಹೊರಗೆ ತೆಗೆದೆನು. ಅದರೊಡನೆ ಹಳೆಯ ದಣಿವೂ ಹೊರಗೆ ಬಂದಿತು.

ದಾರಿ ತೋರಿದ್ದು ಗೋಕುಲಾಷ್ಟಮಿಯ ಚಕ್ಕುಲಿ. ವಾಚಕರು ನಗಬಾರದು. ಶ್ರಾವಣದಲ್ಲಿ ಹಬ್ಬದ ಮರುದಿನ ಚಕ್ಕುಲಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಾಗ, ನಲವತ್ತು ವರ್ಷಗಳ ಹಿಂದೆ ಕಲಿತ ಒಂದು ಪಾಠವು ತಟ್ಟನೆ ನೆನಪಿಗೆ ಬಂದಿತು. ನಾನು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮಗೆ ‘ಸಿದ್ಧಾಂತಮುಕ್ತಾವಳಿ’ಯ ಪಾಠವಾಗುತ್ತಿತ್ತು. ಅದು 17ನೆಯ ಶತಮಾನದ ವಿಶ್ವನಾಥ ಪಂಚಾನನನ ಗ್ರಂಥ. ನ್ಯಾಯಶಾಸ್ತ್ರದವರ ಮತದಲ್ಲಿ ಮನಸ್ಸು ಅಣುಪ್ರಮಾಣವಾದದ್ದು. ಅದು ಒಂದು ಕಾಲದಲ್ಲಿ ಒಂದೇ ಇಂದ್ರಿಯದೊಡನೆ ಕೂಡಬಲ್ಲುದು. ಆದುದರಿಂದ ಒಮ್ಮೆಗೇ ಎರಡು ಜ್ಞಾನಗಳು ಹುಟ್ಟಲಾರವು. ಇದನ್ನು ಗೌತಮನ ನ್ಯಾಯಸೂತ್ರಗಳೇ ಮನಸ್ಸಿನ ಲಕ್ಷಣವಾಗಿ ಹೇಳಿರುವುವು. ಇದಕ್ಕೆ ಎದುರುಪಕ್ಷದವನು ಕೇಳುವನು: ಉದ್ದವಾದ ಶಷ್ಕುಲಿಯನ್ನು ತಿನ್ನುವವನಿಗೆ ಅದರ ರೂಪ, ರುಚಿ, ವಾಸನೆ, ಗರಿಗರಿಯಾದ ಸ್ಪರ್ಶ, ಕಟಕಟ ಶಬ್ದ ಎಲ್ಲವೂ ಒಂದೇ ಸಲಕ್ಕೆ ತಿಳಿಯುವುದಲ್ಲವೆ? ಅನೇಕ ಅವಧಾನಗಳನ್ನು ಮಾಡುವವರ ಗತಿಯೇನು? ಈ ಶಷ್ಕುಲಿಯೇ ನಮ್ಮ ಚಕ್ಕುಲಿ. ಸಿದ್ಧಾಂತಿಯ ಉತ್ತರವಿದು: ಒಂದೇ ಸಲಕ್ಕೆಂಬುದು ಭ್ರಾಂತಿ. ನೂರು ತಾವರೆಯ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಒಮ್ಮೆಗೇ ತೂತಾದಂತೆ ಕಾಣುವುದು. ನಿಜವಾಗಿ ಒಂದಾದ ಮೇಲೊಂದು ಎಸಳು ಚುಚ್ಚಲ್ಪಡುವುದು. ಮನಸ್ಸೂ ಹಾಗೆಯೇ ಮಹಾವೇಗದಿಂದ ಒಂದರಿಂದೊಂದಕ್ಕೆ ಹಾರುವುದು.

ಆಗ ಈ ಪಾಠವನ್ನು ಪರೀಕ್ಷೆಗೆಂದು ಓದಿದ್ದೆನು. ಈಗ ಅದು ನನ್ನ ಮನೆಯ ಕಥೆಯಾಗಿ ಕಂಡಿತು. ನಾನು ಹತ್ತು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುವೆನೆಂದು ತಿಳಿದುಕೊಂಡಿದ್ದೆನು. ನಿಜವಾಗಿ ಒಂದೇ ಸೂಜಿಯನ್ನು ದಿನವೆಲ್ಲ ಎಸಳಿನಿಂದ ಎಸಳಿಗೆ ಓಡಿಸುತ್ತಿದ್ದೆನು. ಎಸಳುಗಳಿಗೆ ಮುಗಿವಿಲ್ಲ, ಸೂಜಿ ಮೊಂಡಾಗದೆ ಏನಾದೀತು?

ಈ ಕಾಲದ ಪಂಡಿತರೂ ಬೇರೆ ದಾರಿಯಿಂದ ಹತ್ತಿರದ ಮಾತಿಗೇ ಬಂದಿರುವರು. ಸೋಫಿ ಲೆರಾಯ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ, ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದವರ ಗಮನದ ಒಂದಂಶವು ಹಿಂದಿನದರಲ್ಲಿಯೇ ಉಳಿದುಬಿಡುವುದೆಂದೂ, ಅದರಿಂದ ಎರಡನೆಯ ಕೆಲಸವು ಕೆಡುವುದೆಂದೂ ತೋರಿಸಿರುವಳು. ಅದನ್ನು ನಾವು ‘ಅವಧಾನಶೇಷ’ವೆಂದು ಕರೆಯಬಹುದು. ಋಣಶೇಷ, ಅಗ್ನಿಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳುವರು. ಆ ಸಾಲಿಗೆ ಇದನ್ನೂ ಸೇರಿಸಬೇಕು. ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸನು ಇನ್ನೂ ಹಿಂದೆ, 1971ರಲ್ಲಿಯೇ, ವಿಷಯಸಂಗ್ರಹವು ಹೇರಳವಾದಂತೆಲ್ಲ ಗಮನಕ್ಕೆ ಬಡತನ ಬರುವುದೆಂದು ಎಚ್ಚರಿಸಿದ್ದನು. ಆಗ ನಮ್ಮ ಹಳ್ಳಿಗೆ ಅಂಚೆಯವನು ದಿನಕ್ಕೊಮ್ಮೆ ಬರುತ್ತಿದ್ದನು. ತಂತಿ ಬಂದರೆ ಊರೇ ಬಾಗಿಲಿಗೆ ಬರುತ್ತಿತ್ತು. ಹತ್ತು ಶಬ್ದದ ಆ ಕಾಗದವನ್ನು ಅರ್ಧ ಓದಿ ಮರೆತವರು ಯಾರೂ ಇರಲಿಲ್ಲ. ತಂತಿಯ ಸೇವೆಯು 2013ನೆಯ ಇಸವಿಯ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದು ನಿಂತದ್ದಕ್ಕೆ ನನಗೆ ದುಃಖವಿಲ್ಲ. ಇದು ಮುಖ್ಯ, ಇದು ಅಮುಖ್ಯವೆಂದು ಬಾಗಿಲಲ್ಲಿಯೇ ತಿಳಿಸುತ್ತಿದ್ದ ಗುರುತು ಅದರೊಡನೆ ಹೋಯಿತೆಂಬುದೇ ದುಃಖ. ಈಗ ಶುಭೋದಯದ ಚಿತ್ರಕ್ಕೂ ಅಕ್ಕನ ಸಂಕಟಕ್ಕೂ ಒಂದೇ ‘ಟಿಣ್’.

ಮುಕ್ತಾವಳಿಯು ಅವಧಾನಿಗಳ ಹೆಸರೆತ್ತಿದುದರಿಂದ, ಹಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಅಷ್ಟಾವಧಾನವೂ ನೆನಪಾಯಿತು. ಶತಾವಧಾನಿ ಡಾ. ಆರ್. ಗಣೇಶರ ಪರಿಶ್ರಮದಿಂದ ಈ ಕಲೆಯು ಕನ್ನಡದಲ್ಲಿ ಮತ್ತೆ ಚಿಗುರಿರುವುದನ್ನು ವಾಚಕರು ಬಲ್ಲರು. ವೇದಿಕೆಯ ಮೇಲೆ ಎಂಟು ಜನ ಪೃಚ್ಛಕರು ಕುಳಿತಿರುವರು. ಒಬ್ಬನು ಸಮಸ್ಯೆಯನ್ನು ಕೊಡುವನು, ಒಬ್ಬನು ದತ್ತಪದಿಯನ್ನು, ಒಬ್ಬನು ಅಕ್ಷರಅಕ್ಷರಕ್ಕೂ ನಿಷೇಧವನ್ನು ಹೇರುವನು, ಒಬ್ಬನು ಸಂಖ್ಯಾಬಂಧದ ಮನೆಗಳನ್ನು ಕೇಳುವನು. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬನ ಪದ್ಯಕ್ಕೂ ಒಂದೊಂದೇ ಪಾದವನ್ನು ಹೇಳುವನು; ಎರಡನೆಯ ಸುತ್ತಿನಲ್ಲಿ ಎರಡನೆಯ ಪಾದ; ಹೀಗೆ ನಾಲ್ಕು ಸುತ್ತುಗಳಾದ ಮೇಲೆ ಎಲ್ಲವನ್ನೂ ನೆನಪಿನಿಂದ ಧಾರಣೆ ಮಾಡಿ ಒಪ್ಪಿಸುವನು. ಎಂಟನೆಯವನೊಬ್ಬನಿರುವನು, ಅವನ ಹೆಸರು ಅಪ್ರಸ್ತುತ ಪ್ರಸಂಗಿ. ಸಂಬಂಧವಿಲ್ಲದ ಪ್ರಶ್ನೆಗಳನ್ನು ಸಮಯವಲ್ಲದ ಸಮಯದಲ್ಲಿ ಕೇಳಿ ಅವಧಾನಿಯ ಏಕಾಗ್ರತೆಯನ್ನು ಮುರಿಯುವುದೇ ಅವನಿಗೆ ಒಪ್ಪಿಸಿದ ಕೆಲಸ. ಅವಧಾನಿಯು ನಗುತ್ತ ಅವನಿಗೊಂದು ಉತ್ತರವನ್ನು ಕೊಟ್ಟು, ಬಿಟ್ಟ ಪಾದಕ್ಕೆ ಹಿಂದಿರುಗುವನು.

ಅಂದು ಸಭೆಯಲ್ಲಿ ಕುಳಿತವರೆಲ್ಲರೂ, "ಎಂಟು ಕೆಲಸವನ್ನು ಒಮ್ಮೆಗೇ ಮಾಡುವನಲ್ಲ!" ಎಂದು ಬೆರಗಾದೆವು. ಈಗ ಯೋಚಿಸಿದರೆ, ಅವನು ಒಮ್ಮೆಗೆ ಮಾಡಿದ್ದು ಒಂದನ್ನೇ. ಒಬ್ಬ ಪೃಚ್ಛಕನ ಕಡೆ ತಿರುಗಿದಾಗ ಪೂರ್ತಿಯಾಗಿ ತಿರುಗುತ್ತಿದ್ದನು; ಹಿಡಿದ ಪಾದವನ್ನು ಮುಗಿಸಿ, ಅದನ್ನು ಒಳಗೆ ಭದ್ರವಾಗಿಟ್ಟು, ಆಮೇಲೆ ಮುಂದಿನವನ ಕಡೆಗೆ ಹೋಗುತ್ತಿದ್ದನು. ಪೃಚ್ಛಕರಿಗೂ ತಮ್ಮ ತಮ್ಮ ಸರದಿಯೆಂಬುದಿತ್ತು. ಸಂಬಂಧವಿಲ್ಲದ ಮಾತನ್ನೆತ್ತಿ ಮಧ್ಯೆ ಬಾಯಿಹಾಕುವ ಅಧಿಕಾರವು ಎಂಟರಲ್ಲಿ ಒಬ್ಬನಿಗೆ ಮಾತ್ರ. ಎಂಟು ಜನರೂ ಅಪ್ರಸ್ತುತ ಪ್ರಸಂಗಿಗಳೇ ಆಗಿದ್ದರೆ? ಎಂತಹ ಮಹಾವಿದ್ವಾಂಸನಿಂದಲೂ ಒಂದು ಪಾದವೂ ಹುಟ್ಟುತ್ತಿರಲಿಲ್ಲ. ನಮ್ಮ ಕೈಯಲ್ಲಿರುವ ಈ ಯಂತ್ರದ ಮೂಲಕ ನಾವು ಮಾಡಿರುವುದು ಇದನ್ನೇ. ಬ್ಯಾಂಕಿನವರು, ಅಂಗಡಿಯವರು, ಗುಂಪಿನವರು, ಗೊತ್ತಿದ್ದವರು, ಗೊತ್ತಿಲ್ಲದವರು, ಎಲ್ಲರನ್ನೂ ನಾವೇ ಅಪ್ರಸ್ತುತ ಪ್ರಸಂಗಿಗಳನ್ನಾಗಿ ನೇಮಿಸಿ, ಪೃಚ್ಛಕರ ಪೀಠದಲ್ಲಿ ಕೂಡಿಸಿರುವೆವು. ನಿಜವಾದ ಪ್ರಶ್ನೆಯನ್ನು ಕೇಳಬಂದ ಅಕ್ಕನಿಗೆ ಮಾತ್ರ ಸ್ಥಳವಿಲ್ಲ.

ರೋಗದ ಮೂಲ ತಿಳಿದ ಮೇಲೆ ಔಷಧವು ಕಠಿನವಾಗಿರಲಿಲ್ಲ. ಮೊದಲು ಒಂದು ದಿನ ನೋಟುಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಮೊಬೈಲು ಸದ್ದು ಮಾಡಿದಾಗಲೆಲ್ಲ ಒಂದು ಗೆರೆ ಎಳೆದೆನು. ಬೆಳಗಿನ 5 ಗಂಟೆಯಿಂದ ರಾತ್ರಿ 10ರ ವರೆಗೆ 143 ಗೆರೆಗಳಾದವು. ಅಂದರೆ ಸುಮಾರು 7 ನಿಮಿಷಕ್ಕೊಂದು. ಅವುಗಳಲ್ಲಿ ನನ್ನೊಬ್ಬನಿಗಾಗಿಯೇ ಬಂದವು 6. ಆ ಕ್ಷಣದಲ್ಲಿಯೇ ಉತ್ತರ ಬೇಕಾಗಿದ್ದುದು 1. ಆ ಒಂದು ಪುಟವನ್ನು ಇಂದಿಗೂ ಕಾಪಾಡಿಕೊಂಡಿರುವೆನು. ಉಪದೇಶಗ್ರಂಥಗಳು ಹೇಳದುದನ್ನು ಅದು ನನಗೆ ಹೇಳಿತು.

ಎರಡನೆಯದಾಗಿ, ಬೆಂಗಳೂರಿನ ಮೊಮ್ಮಗನು ರಜೆಗೆ ಬಂದಾಗ ಅವನನ್ನು ಗುರುವನ್ನಾಗಿ ಮಾಡಿಕೊಂಡೆನು. "ಅಜ್ಜ, ಎಲ್ಲಾ ಗುಂಪಿನ ಸದ್ದನ್ನೂ ನಿಲ್ಲಿಸಬಹುದು, ಬೇಕಾದವರದ್ದು ಮಾತ್ರ ಇಟ್ಟುಕೋಬಹುದು; ಇಷ್ಟೂ ಗೊತ್ತಿರಲಿಲ್ವಾ?" ಎಂದು ಹನ್ನೊಂದು ವರ್ಷದ ಆ ಗುರುವು ಅರ್ಧ ಗಂಟೆಯಲ್ಲಿ ಅದನ್ನು ಮಾಡಿಕೊಟ್ಟನು. ಈಗ ನನ್ನ ಮೊಬೈಲು ಐದು ಜನರಿಗೆ ಮಾತ್ರ ಸದ್ದು ಮಾಡುವುದು: ಹೆಂಡತಿ, ಮಗಳು, ಅಕ್ಕ, ಅಕ್ಕನ ನೆರೆಮನೆಯ ಹುಡುಗ, ಮತ್ತು ಎದುರುಮನೆಯ ಹಿರಿಯರು. ಉಳಿದವರ ಸಂದೇಶಗಳು ಬರುವುವು, ಬಂದು ಸುಮ್ಮನೆ ಕುಳಿತಿರುವುವು. ಬೆಳಿಗ್ಗೆ ತಿಂಡಿಯಾದ ಮೇಲೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಊಟಕ್ಕೆ ಮೊದಲು ಹೀಗೆ ಮೂರು ಹೊತ್ತು ಅವುಗಳ ಬಳಿಗೆ ನಾನೇ ಹೋಗುವೆನು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ನಾನು ತಡವಾಗಿ ಶುಭೋದಯ ಹೇಳಿದುದಕ್ಕೆ ಯಾರ ಉದಯವೂ ತಪ್ಪಲಿಲ್ಲ.

ಮೂರನೆಯದು, ಹಣದ ವ್ಯವಹಾರವನ್ನಾಗಲಿ ಗುಪ್ತಸಂಖ್ಯೆಯ ವಿಷಯವನ್ನಾಗಲಿ ಇನ್ನೊಂದು ಕೆಲಸದ ನಡುವೆ ಮಾಡುವುದಿಲ್ಲ. ಮನಸ್ಸು ಹತ್ತು ಕಡೆ ಹರಿದಿರುವಾಗಲೇ ಮನುಷ್ಯನು ಮೋಸಗಾರರ ಬಲೆಗೆ ಬೀಳುವುದು. "ಈಗಲೇ ಮಾಡಿ, ಇಲ್ಲದಿದ್ದರೆ ಖಾತೆ ನಿಂತುಹೋಗುವುದು" ಎಂದು ಅವರು ಅವಸರಪಡಿಸುವ ರಹಸ್ಯವೂ ಇದೇ. ಈಗಲೇ ಎಂದವನಿಗೆ ನಾಳೆ ಎಂದು ಹೇಳುವ ಅಭ್ಯಾಸವನ್ನು ಗೃಹಸ್ಥರು ಮಾಡಿಕೊಳ್ಳುವುದು ಮೇಲು.

ನಾಲ್ಕನೆಯದೇ ಕಷ್ಟವಾದದ್ದು, ಅದನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಹಿಡಿದ ಪಾದವನ್ನು ಮುಗಿಸುವುದು. ಒಂದು ಪತ್ರವನ್ನು ಓದಹೊರಟರೆ ಕೊನೆಯವರೆಗೆ ಓದುವುದು. ಹೆಂಡತಿಯು ಮಾತನಾಡುತ್ತಿದ್ದರೆ ಅವಳ ಮಾತು ಮುಗಿಯುವವರೆಗೆ ಮುಖ ನೋಡಿ ಕೇಳುವುದು. ನಡುವೆ ಬಿಡಲೇಬೇಕಾದರೆ, ಎಲ್ಲಿ ಬಿಟ್ಟೆನೆಂಬುದನ್ನು ನೋಟುಪುಸ್ತಕದಲ್ಲಿ ಒಂದು ಸಾಲು ಬರೆದು ಬಿಡುವುದು. ಅವಧಾನಿಯ ಧಾರಣಶಕ್ತಿ ನನಗಿಲ್ಲ. ಆದುದರಿಂದ ನೋಟುಪುಸ್ತಕವೇ ನನ್ನ ಧಾರಣೆ. ಆಷಾಢದ ಆ ಮಂಗಳವಾರ ‘ಅಕ್ಕನ ಮಾತು ಅರ್ಧ’ ಎಂದು ಮೂರು ಶಬ್ದವನ್ನು ಬರೆದಿಟ್ಟಿದ್ದರೆ ಸಾಕಾಗಿತ್ತು. ಮೊದಮೊದಲು ಕೈ ತಾನಾಗಿಯೇ ಮೊಬೈಲಿನ ಕಡೆ ಹೋಗುತ್ತಿತ್ತು. ಈಗಲೂ ಕೆಲವು ದಿನ ಹೋಗುವುದು. ಪೂರ್ತಿಯಾಗಿ ಗೆದ್ದೆನೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಸಂಜೆಯ ತಲೆಭಾರವು ಇಳಿದಿದೆ, "ಇಂದು ಏನು ಮಾಡಿದೆ?" ಎಂಬ ಪ್ರಶ್ನೆಗೆ ಎರಡೋ ಮೂರೋ ಉತ್ತರಗಳು ಸಿಕ್ಕುತ್ತಿರುವುವು.

ಈಗ ಪ್ರತಿದಿನ ಸಂಜೆ ಆರಕ್ಕೆ ನಾನು ಜಗಲಿಯಲ್ಲಿ ಕುಳಿತಿರುವೆನು. ಅಕ್ಕನು ಗುಣವಾದ ಮೇಲೆ ಮತ್ತೆ ನೆಲ್ಲಿಯ ಮರದ ಬಳಿಗೆ ಬರತೊಡಗಿರುವಳು. ಮಾತು ಅಲ್ಲಲ್ಲಿ ತುಂಡಾಗುವುದು. ತುಂಡಾದಾಗ ಇಬ್ಬರೂ ಕಾಯುವೆವು. ಅಡಕೆಯ ಕೊಳೆರೋಗ, ಹಸು ಕರು ಹಾಕಿದ್ದು, ಮಗಳು ಮುಂದಿನ ವರ್ಷ ಬರುವುದು, ಇಷ್ಟೇ ನಮ್ಮ ಮಾತು. ಮೊನ್ನೆ ಒಂದು ದಿನ ಆಕೆ ಕೇಳಿದಳು: "ಯಾಕೋ ಇತ್ತೀಚೆಗೆ ನಿನಗೆ ಕೆಲಸ ಕಡಮೆಯಾಯ್ತೇನೋ?" "ಇಲ್ಲ ಅಕ್ಕ, ಕೆಲಸ ಇದ್ದಷ್ಟೇ ಇದೆ" ಎಂದೆನು. ಆಕೆಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಗಾಳಿಯ ಶಬ್ದ ಕೇಳಿಸುತ್ತಿತ್ತು. ಈ ಸಲ ನಾನು ಇನ್ನೊಂದು ತುದಿಯಲ್ಲಿದ್ದೆನು.

ಆಷಾಢದ ಆ ಸಂದೇಶವನ್ನು ನಾನು ಅಳಿಸಿಲ್ಲ. ವಾಚಕ ಮಹಾಶಯರಲ್ಲಿ ಒಂದೇ ಬಿನ್ನಹ: ಈ ಬರೆಹವನ್ನು ಮುಗಿಸಿದ ಮೇಲೆ ನಿಮ್ಮ ಮೊಬೈಲನ್ನು ತೆಗೆದು, ಅರ್ಧ ಕೇಳಿ ಬಿಟ್ಟ ಮಾತು ಯಾರದಾದರೂ ಅದರಲ್ಲಿ ಉಳಿದಿದೆಯೇ ಎಂದು ಒಮ್ಮೆ ನೋಡಿರಿ.